ಹಾಲು ಕಕ್ಕುವ ಮಗು: ಆಮ್ಲವನ್ನು ದೂರುವ ಮೊದಲು ತಿಳಿಯಬೇಕಾದದ್ದು

ನನ್ನ ಮಗಳಿಗೆ ಏಳು ವಾರ ತುಂಬಿದ್ದಾಗಿನ ಒಂದು ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಲು ಕುಡಿಸಿ, ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದೆ. ಸಣ್ಣದೊಂದು ತೇಗು ಬಂತು. ಅದರ ಹಿಂದೆಯೇ ಬೆಚ್ಚನೆಯ ಹಾಲು ನನ್ನ ಕುತ್ತಿಗೆಯಿಂದ ಬೆನ್ನಿನವರೆಗೆ ಇಳಿಯಿತು. ದೀಪ ಹಾಕಿ ನೋಡಿದರೆ ಅಂಗಿ, ಹೆಗಲ ಮೇಲಿನ ಬಟ್ಟೆ, ಹಾಸಿಗೆಯ ಅಂಚು ಎಲ್ಲವೂ ಒದ್ದೆ. ಅರ್ಧ ಗಂಟೆ ಕುಡಿದದ್ದೆಲ್ಲ ಹೊರಗೆ ಬಂದುಬಿಟ್ಟಿತು, ಮಗು ಹಸಿದುಕೊಂಡೇ ಮಲಗುತ್ತದೆ, ಹೊಟ್ಟೆಯಲ್ಲಿ ಏನೋ ಕೆಟ್ಟಿದೆ ಎಂದು ಎದೆ ಧಸಕ್ಕೆಂದಿತು. ಮಗಳು ಮಾತ್ರ ತುಟಿ ಸವರಿಕೊಂಡು, ದೀಪದ ಕಡೆ ಕಣ್ಣರಳಿಸಿ ನೋಡುತ್ತಿದ್ದಳು.

ಕೆಲವು ದಿನಗಳ ನಂತರ ಅನುಭವಿ ದಾದಿಯೊಬ್ಬರು ಒಂದು ಪರೀಕ್ಷೆ ಹೇಳಿಕೊಟ್ಟರು. ನೀವೂ ಮಾಡಿ ನೋಡಬಹುದು. ದೊಡ್ಡ ಚಮಚದಲ್ಲಿ ಒಂದೇ ಒಂದು ಚಮಚ, ಅಂದರೆ ಸುಮಾರು 15 ಮಿಲಿಲೀಟರ್ ಹಾಲನ್ನು ಒಣ ಬಟ್ಟೆಯ ಮೇಲೆ ಸುರಿಯಿರಿ. ಒದ್ದೆ ಹರಡುತ್ತಾ ಹೋಗಿ ಅಂಗೈಗಿಂತ ದೊಡ್ಡದಾಗುತ್ತದೆ. ನನ್ನ ಅಂಗಿಯ ಮೇಲಿದ್ದ ಕಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕುಡಿದದ್ದೆಲ್ಲ ಹೋಯಿತು ಎಂದುಕೊಂಡಿದ್ದ ನನಗೆ, ಹೋದದ್ದು ಒಂದೆರಡು ಚಮಚ ಮಾತ್ರ ಎಂದು ಆಗ ತಿಳಿಯಿತು.

ಇದಕ್ಕೆ ಎಲ್ಲರೂ ಹೇಳುವ ಹೆಸರು ಆಸಿಡ್ ರಿಫ್ಲಕ್ಸ್. ರಿಫ್ಲಕ್ಸ್ ಎಂದರೆ ಹಿಮ್ಮುಖ ಹರಿವು. ಜಠರದಲ್ಲಿರುವುದು ಮೇಲಕ್ಕೆ, ಅನ್ನನಾಳಕ್ಕೆ ಬರುವುದು. ಹೆಸರಿನ ಆ ಭಾಗಕ್ಕೆ ನನ್ನ ತಕರಾರಿಲ್ಲ. ಆದರೆ ಮುಂದೆ ಕೂರಿಸಿರುವ ‘ಆಸಿಡ್’ ಎಂಬ ಪದ ಎಷ್ಟೋ ತಂದೆತಾಯಿಯರನ್ನು ಅನಗತ್ಯವಾಗಿ ಔಷಧದ ಅಂಗಡಿಗೆ ಓಡಿಸಿದೆ. ಹಸುಗೂಸಿನ ಹೊಟ್ಟೆಯಿಂದ ಹಾಲು ಮೇಲೆ ಬರುವುದಕ್ಕೆ ಕಾರಣ ಆಮ್ಲ ಹೆಚ್ಚಾದದ್ದಲ್ಲ. ಇದೊಂದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದರಲ್ಲಿ ಬಹುಪಾಲು ತಾನಾಗಿ ಸ್ಪಷ್ಟವಾಗುತ್ತದೆ.

ಬಾಗಿಲು ಸಡಿಲವಾಗುವುದು ಏಕೆ

ಅನ್ನನಾಳವು ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂತೆ ಸುತ್ತಿಕೊಂಡ ಒಂದು ಸ್ನಾಯು ಇದೆ. ನುಂಗಿದಾಗ ತೆರೆದುಕೊಂಡು, ಉಳಿದ ಹೊತ್ತು ಮುಚ್ಚಿರುವುದು ಅದರ ಕೆಲಸ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಹೊರಗಿನಿಂದ ಅದನ್ನು ಹಿಡಿದು ನೆರವಾಗುತ್ತದೆ. ಮಗುವಿನಲ್ಲಿ ಈ ಸ್ನಾಯು ಇನ್ನೂ ಬಲಿತಿಲ್ಲ, ಅದಕ್ಕೇ ಹಾಲು ಕಕ್ಕುತ್ತದೆ ಎಂದು ಹೇಳುವ ರೂಢಿಯಿದೆ. ಅದು ಅರ್ಧ ಸತ್ಯ. ಸ್ನಾಯು ಸಾಮಾನ್ಯವಾಗಿ ಸಾಕಷ್ಟು ಬಿಗಿಯಾಗಿಯೇ ಇರುತ್ತದೆ. ಆದರೆ ನುಂಗದಿದ್ದಾಗಲೂ ಆಗಾಗ ಕೆಲವು ಸೆಕೆಂಡುಗಳ ಕಾಲ ತಾನಾಗಿ ಸಡಿಲಗೊಳ್ಳುತ್ತದೆ. ಹಿಮ್ಮುಖ ಹರಿವಿನ ಬಹುಪಾಲು ನಡೆಯುವುದು ಈ ಸಣ್ಣ ಅವಧಿಯಲ್ಲಿ. ಹೊಟ್ಟೆ ಹಿಗ್ಗಿದಾಗ ಒಳಗಿನ ಗಾಳಿಯನ್ನು ಹೊರಬಿಡಲು ದೇಹವೇ ಮಾಡಿಕೊಂಡ ಏರ್ಪಾಡು ಇದು. ತೇಗು ಬರುವುದೂ ಇದೇ ದಾರಿಯಲ್ಲಿ. ದೊಡ್ಡವರಾದ ನಮ್ಮಲ್ಲೂ ಇದು ದಿನವೂ ನಡೆಯುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಹಾಗಾದರೆ ಮಗುವಿನಲ್ಲಿ ಮಾತ್ರ ಹಾಲು ಬಾಯಿಯವರೆಗೆ ಬರುವುದೇಕೆ? ಲೆಕ್ಕ ಹಾಕಿ ನೋಡಿ. ವಯಸ್ಕರ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಆಗಷ್ಟೇ ಹುಟ್ಟಿದ ಮಗುವಿನದು ಸುಮಾರು 10 ಸೆಂಟಿಮೀಟರ್. ಮೇಲೆ ಬಂದದ್ದು ತಂಗುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಇನ್ನು ಕುಡಿಯುವ ಪ್ರಮಾಣ. ಪುಟ್ಟ ಮಗು ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 150 ಮಿಲಿಲೀಟರ್ ಹಾಲು ಕುಡಿಯುತ್ತದೆ. 60 ಕಿಲೋ ತೂಗುವ ವ್ಯಕ್ತಿಗೆ ಇದೇ ಲೆಕ್ಕ ಹಿಡಿದರೆ ದಿನಕ್ಕೆ ಒಂಬತ್ತು ಲೀಟರ್! ಅಷ್ಟನ್ನು ಕುಡಿದು, ದಿನದ ಹೆಚ್ಚಿನ ಹೊತ್ತು ಅಂಗಾತ ಮಲಗಿರುವವರನ್ನು ಊಹಿಸಿಕೊಳ್ಳಿ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹಸುಗೂಸಿನ ಹೊಟ್ಟೆಗೆ ಒಪ್ಪುವುದಿಲ್ಲ. ಅಲ್ಲಿ ತುಂಬಿದ್ದರಿಂದಲೇ ತುಳುಕುತ್ತದೆ.

ಈಗ ಆಮ್ಲದ ಮಾತು. ಮಗುವಿನ ಜಠರವೂ ಆಮ್ಲವನ್ನು ಸ್ರವಿಸುತ್ತದೆ, ನಿಜ. ಆದರೆ ಹಾಲು ಆಮ್ಲವನ್ನು ತಗ್ಗಿಸುವ ಗುಣವುಳ್ಳದ್ದು. ಕುಡಿಸಿದ ನಂತರ ಒಂದೆರಡು ಗಂಟೆ ಹೊಟ್ಟೆಯಲ್ಲಿರುವ ದ್ರವ ಅಷ್ಟೇನೂ ಹುಳಿಯಾಗಿರುವುದಿಲ್ಲ. ಅಷ್ಟರಲ್ಲಿ ಮತ್ತೊಮ್ಮೆ ಹಾಲು ಕುಡಿಸುವ ಹೊತ್ತು ಬಂದಿರುತ್ತದೆ. ಹಾಗಾಗಿ ದಿನಕ್ಕೆ ಎಂಟು ಹತ್ತು ಬಾರಿ ಹಾಲು ಕುಡಿಯುವ ಮಗುವಿನಲ್ಲಿ ಮೇಲೆ ಬರುವುದು ಬಹಳಷ್ಟು ಸಲ ಬರೀ ಹಾಲು. ಕಕ್ಕಿದ ಹಾಲು ಮೊಸರಿನಂತೆ ಒಡೆದಿದ್ದರೆ ಹೆದರಬೇಕಾಗಿಲ್ಲ. ಹೊಟ್ಟೆಯೊಳಗೆ ಜೀರ್ಣಕ್ರಿಯೆ ಆರಂಭವಾಗಿತ್ತು ಎಂದಷ್ಟೇ ಅದರ ಅರ್ಥ.

ಸಾಮಾನ್ಯವಾಗಿ ಇದು ಹುಟ್ಟಿದ ಎಂಟು ವಾರದೊಳಗೆ ಶುರುವಾಗುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ತುತ್ತತುದಿಗೆ ಮುಟ್ಟಿ ಆಮೇಲೆ ಇಳಿಯುತ್ತದೆ. ಅಮೆರಿಕದಲ್ಲಿ 948 ಮಕ್ಕಳ ತಂದೆತಾಯಿಯರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ನಾಲ್ಕು ತಿಂಗಳ ಮಕ್ಕಳಲ್ಲಿ ಶೇಕಡ 67ರಷ್ಟು ದಿನಕ್ಕೆ ಒಮ್ಮೆಯಾದರೂ ಹಾಲು ಕಕ್ಕುತ್ತಿದ್ದವು. ಹತ್ತರಿಂದ ಹನ್ನೆರಡು ತಿಂಗಳ ಮಕ್ಕಳಲ್ಲಿ ಆ ಪ್ರಮಾಣ ಶೇಕಡ 5ಕ್ಕೆ ಇಳಿದಿತ್ತು. ಮಗು ಎದ್ದು ಕೂರಲು ಕಲಿಯುತ್ತದೆ, ಗಟ್ಟಿ ಆಹಾರ ತಿನ್ನತೊಡಗುತ್ತದೆ, ಅನ್ನನಾಳ ಉದ್ದವಾಗುತ್ತದೆ. ಔಷಧವಿಲ್ಲದೆಯೇ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ಇದು ನಿಲ್ಲುತ್ತದೆ.

ಅಳುವೆಲ್ಲ ಎದೆಯುರಿಯಲ್ಲ

ಚೆನ್ನಾಗಿ ಹಾಲು ಕುಡಿಯುವ, ತೂಕ ಏರುತ್ತಿರುವ, ಕಕ್ಕಿದ ಮೇಲೆ ನಗುತ್ತಲೇ ಇರುವ ಮಗುವಿಗೆ ಯಾವ ಚಿಕಿತ್ಸೆಯೂ ಬೇಡ. ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ತೂಕ ಏರುತ್ತಿದ್ದರೆ, ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ, ಕಕ್ಕಿ ಹೋದದ್ದು ಲೆಕ್ಕಕ್ಕಿಲ್ಲ. ತೂಕದ ತಖ್ತೆ ನಮ್ಮ ಕಣ್ಣಂದಾಜಿಗಿಂತ ನಂಬಿಕೆಗೆ ಅರ್ಹ. ಹಾಲು ಮೇಲೆ ಬರುವುದರಿಂದ ಮಗುವಿಗೆ ತೊಂದರೆ ಆಗತೊಡಗಿದರೆ, ಅಂದರೆ ಅನ್ನನಾಳ ಹುಣ್ಣಾದರೆ, ತೂಕ ನಿಂತರೆ, ಕುಡಿಯಲು ನಿರಾಕರಿಸಿದರೆ, ಹಾಲು ಶ್ವಾಸಕೋಶಕ್ಕೆ ಹೋಗಿ ಮತ್ತೆ ಮತ್ತೆ ಕೆಮ್ಮು, ನ್ಯುಮೋನಿಯಾ ಬಂದರೆ, ಆಗ ಮಾತ್ರ ವೈದ್ಯರು ಅದನ್ನು ರಿಫ್ಲಕ್ಸ್ ಕಾಯಿಲೆ ಎಂದು ಕರೆಯುತ್ತಾರೆ.

ಗೊಂದಲ ಹುಟ್ಟುವುದು ಅಳುವಿನಿಂದ. ಮಗು ಕಾಲು ಮಡಚಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಖ ಕೆಂಪಗೆ ಮಾಡಿಕೊಂಡು ಗಂಟೆಗಟ್ಟಲೆ ಅಳುತ್ತದೆ. ಜೊತೆಗೆ ಹಾಲೂ ಕಕ್ಕುತ್ತದೆ. ಎರಡನ್ನೂ ಕೂಡಿಸಿ, ಆಮ್ಲದಿಂದ ಎದೆಯುರಿದು ಅಳುತ್ತಿದೆ ಎಂದು ನಾವು ತೀರ್ಮಾನಿಸುತ್ತೇವೆ. ನಾನೂ ಹಾಗೆಯೇ ತೀರ್ಮಾನಿಸಿದ್ದೆ. ಆದರೆ ಆರೋಗ್ಯವಂತ ಮಕ್ಕಳಲ್ಲೂ ಅಳು ಎರಡನೆಯ ವಾರದಿಂದ ಏರುತ್ತಾ ಹೋಗಿ, ಆರನೆಯ ವಾರದ ಆಸುಪಾಸಿನಲ್ಲಿ ಅತಿ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಮಕ್ಕಳ ವೈದ್ಯ ಬೆರ್ರಿ ಬ್ರೇಝಲ್ಟನ್ 1962ರಲ್ಲೇ ಈ ಏರಿಳಿತವನ್ನು ದಾಖಲಿಸಿದ್ದರು. ಕಕ್ಕುವುದೂ ಅಳುವುದೂ ಮೊದಲ ಕೆಲವು ತಿಂಗಳಲ್ಲೇ ಜೊತೆಜೊತೆಗೆ ಕಾಣುವುದರಿಂದ ಒಂದಕ್ಕೆ ಇನ್ನೊಂದು ಕಾರಣ ಎನಿಸುತ್ತದೆ.

ಈ ಅನುಮಾನವನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹಾಲು ಕುಡಿಯುವಾಗ ಅಥವಾ ಕುಡಿದ ಕೂಡಲೇ ಅಳುವ, ಚಡಪಡಿಸುವ, ಒಂದು ವರ್ಷದೊಳಗಿನ 162 ಶಿಶುಗಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಕೊಟ್ಟರು, ಉಳಿದರ್ಧಕ್ಕೆ ಔಷಧವಿಲ್ಲದ ತೋರಿಕೆಯ ಮದ್ದು ಕೊಟ್ಟರು. ಔಷಧ ಪಡೆದವರಲ್ಲಿ ಶೇಕಡ 54 ಮಕ್ಕಳು ಸುಧಾರಿಸಿದರು. ತೋರಿಕೆಯ ಮದ್ದು ಪಡೆದವರಲ್ಲೂ ಅಷ್ಟೇ, ಶೇಕಡ 54. ವ್ಯತ್ಯಾಸ ಕಂಡದ್ದು ಬೇರೆ ಕಡೆ: ಗಂಭೀರ ಅಡ್ಡ ಪರಿಣಾಮಗಳು, ಮುಖ್ಯವಾಗಿ ಶ್ವಾಸಕೋಶದ ಸೋಂಕು, ಔಷಧ ಪಡೆದ ಮಕ್ಕಳಲ್ಲೇ ಹೆಚ್ಚಾಗಿದ್ದವು. ಈ ಅಧ್ಯಯನದ ಬಗ್ಗೆ ಓದಿದ ಮೇಲೆ ನನಗೆ ಮನವರಿಕೆಯಾಯಿತು: ಔಷಧ ಕೊಟ್ಟ ಮೇಲೆ ಮಗು ಗುಣವಾಯಿತು ಎಂದು ಹೇಳುವ ಎಷ್ಟೋ ಮನೆಗಳಲ್ಲಿ ಮಗು ಗುಣವಾದದ್ದು ದಿನ ಕಳೆದದ್ದರಿಂದ.

ಬಾಯಿಯಿಂದ ಏನೂ ಹೊರಬರದಿದ್ದರೂ ಒಳಗೊಳಗೇ ಹಿಮ್ಮುಖ ಹರಿವು ನಡೆದು ಮಗು ನರಳುತ್ತಿದೆ ಎಂದು ಹೇಳುವುದೂ ಇದೆ. ಇದಕ್ಕೆ ಸೈಲೆಂಟ್ ರಿಫ್ಲಕ್ಸ್ ಎನ್ನುತ್ತಾರೆ. ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಬರೀ ಅಳುವನ್ನು ಕಂಡು ಈ ಹೆಸರು ಅಂಟಿಸುವುದು ಸರಿಯಲ್ಲ. ನಿಜವಾಗಿ ನೋವಾಗುತ್ತಿರುವ ಮಗು ಹಸಿವಾಗಿ ಬಾಯಿ ಹಾಕುತ್ತದೆ, ಎರಡು ಗುಟುಕಿಗೆ ಕಿರುಚಿ ತಲೆ ಹಿಂದೆಳೆದುಕೊಳ್ಳುತ್ತದೆ, ಮತ್ತೆ ಮತ್ತೆ ಹಾಗೇ ಮಾಡುತ್ತದೆ, ತೂಕವೂ ನಿಲ್ಲತೊಡಗುತ್ತದೆ. ಅಂಥ ಮಗುವನ್ನು ವೈದ್ಯರು ನೋಡಲೇಬೇಕು.

ಹಾಲಿನ ಲೆಕ್ಕ, ಹೆಗಲಿನ ಅರ್ಧ ಗಂಟೆ

ಕಾರಣ ಹೊಟ್ಟೆ ತುಂಬಿ ಹಿಗ್ಗುವುದಾದರೆ ಮೊದಲ ಪರಿಹಾರವೂ ಅಲ್ಲೇ ಇರಬೇಕು. ಬಾಟಲಿಯ ಹಾಲು ಕುಡಿಯುವ ಮಗುವಾದರೆ ದಿನದ ಒಟ್ಟು ಪ್ರಮಾಣವನ್ನು ಒಂದು ದಿನ ಬರೆದಿಡಿ. ನಾಲ್ಕು ಕಿಲೋ ಮಗುವಿಗೆ ಕಿಲೋಗೆ 150ರಂತೆ 600 ಮಿಲಿಲೀಟರ್ ಸಾಕು. ಬರೆದದ್ದು 800 ದಾಟಿದ್ದರೆ ಕಾರಣ ಕೈಯಲ್ಲೇ ಸಿಕ್ಕಿತು. ಕಕ್ಕಿದೆ, ಹಸಿದಿರುತ್ತದೆ ಎಂದು ತಕ್ಷಣ ಮತ್ತೆ ಕುಡಿಸುವುದರಿಂದ ಹೀಗಾಗುವುದು ಬಹಳ. ಒಟ್ಟು ಪ್ರಮಾಣ ಸರಿಯಾಗಿದ್ದರೆ ಅದನ್ನೇ ಹೆಚ್ಚು ಬಾರಿಗೆ ಹಂಚಿ, ಒಮ್ಮೆಗೆ ಕಡಿಮೆ ಕುಡಿಸಿ. ಬಾಟಲಿಯ ತೊಟ್ಟಿನ ತೂತು ದೊಡ್ಡದಾಗಿದ್ದರೆ ಮಗು ಗಟಗಟನೆ ಕುಡಿದು ಗಾಳಿಯನ್ನೂ ನುಂಗುತ್ತದೆ. ಮಗುವನ್ನು ತುಸು ನೆಟ್ಟಗೆ ಹಿಡಿದು, ಬಾಟಲಿಯನ್ನು ಅಡ್ಡಕ್ಕೆ ಹಿಡಿದು, ನಡುನಡುವೆ ನಿಲ್ಲಿಸಿ ಕುಡಿಸಿ. ಬಾಟಲಿ ಖಾಲಿ ಮಾಡಿಸಲೇಬೇಕು ಎಂಬ ಹಟ ಬೇಡ. ಮುಖ ತಿರುಗಿಸಿದರೆ ಸಾಕು ಎಂದೇ ಅರ್ಥ.

ಎದೆಹಾಲು ಕುಡಿಯುವ ಮಗು ಕಕ್ಕುತ್ತದೆ ಎಂದು ಎದೆಹಾಲು ಬಿಡಿಸಲು ಯಾವ ಕಾರಣವೂ ಇಲ್ಲ. ಮಗು ಮೊಲೆಯನ್ನು ಸರಿಯಾಗಿ ಹಿಡಿದಿದೆಯೇ, ಹಾಲು ರಭಸವಾಗಿ ಬಂದು ಉಸಿರು ಕಟ್ಟಿದಂತಾಗುತ್ತಿದೆಯೇ ಎಂಬುದನ್ನು ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತು ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುವುದುಂಟು. ತಾಯಿ ಹಿಂದಕ್ಕೆ ಒರಗಿ ಕುಳಿತು ಕುಡಿಸಿದರೆ ರಭಸ ತಗ್ಗುತ್ತದೆ.

ಕುಡಿಸಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಮಗುವನ್ನು ಎದೆಗಾನಿಸಿ ನೆಟ್ಟಗೆ ಎತ್ತಿಕೊಂಡಿರಿ. ನೆಟ್ಟಗೆ ಎಂದರೆ ಕೂರಿಸುವುದಲ್ಲ. ಕಾರಿನ ಸೀಟಿನಲ್ಲಿ ಅಥವಾ ಬಾಗಿದ ಕುರ್ಚಿಯಲ್ಲಿ ಕೂರಿಸಿದರೆ ಮಗುವಿನ ಬೆನ್ನು ಬಾಗಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಹಾಲು ಇನ್ನಷ್ಟು ಬೇಗ ಮೇಲೆ ಬರುತ್ತದೆ. ಸೊಂಟಕ್ಕೆ ಬಿಗಿದ ಡೈಪರ್ ಮಾಡುವುದೂ ಅದನ್ನೇ. ಕುಡಿದ ಕೂಡಲೇ ಬಟ್ಟೆ ಬದಲಿಸಲು ಕಾಲೆತ್ತಿ ಹಿಡಿಯುವುದನ್ನು ತುಸು ಮುಂದೂಡಿ. ಮಗುವಿನ ಸುತ್ತ ಯಾರೂ ಬೀಡಿ ಸಿಗರೇಟು ಸೇದದಿರಲಿ. ತಂಬಾಕಿನ ಹೊಗೆ ರಿಫ್ಲಕ್ಸನ್ನು ಹೆಚ್ಚಿಸುತ್ತದೆ, ಮಲಗಿದ್ದಲ್ಲೇ ಶಿಶು ಹಠಾತ್ತಾಗಿ ಸಾಯುವ ಅಪಾಯವನ್ನೂ ಹೆಚ್ಚಿಸುತ್ತದೆ.

ಇಷ್ಟಕ್ಕೂ ತಗ್ಗದಿದ್ದರೆ ಹಾಲನ್ನು ಗಟ್ಟಿ ಮಾಡುವ ಉಪಾಯವಿದೆ. ಮಂದವಾದ ಹಾಲು ಸುಲಭವಾಗಿ ಬಾಯಿಗೆ ಬರುವುದಿಲ್ಲ, ಬಟ್ಟೆ ಒದ್ದೆಯಾಗುವುದು ಕಡಿಮೆಯಾಗುತ್ತದೆ. ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು, ಏಕೆಂದರೆ ಇದರಲ್ಲಿ ಸೂಕ್ಷ್ಮಗಳಿವೆ. ಧಾನ್ಯದ ಪುಡಿ ಬೆರೆಸಿದರೆ ಕ್ಯಾಲೊರಿ ಏರುತ್ತದೆ. ಅಕ್ಕಿಯ ಪುಡಿಯಲ್ಲಿ ಆರ್ಸೆನಿಕ್ ಅಂಶ ಇರಬಹುದೆಂಬ ಕಾರಣಕ್ಕೆ ಓಟ್ಸ್ ಮೇಲು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಎದೆಹಾಲಿಗೆ ಬೆರೆಸಿದ ಧಾನ್ಯದ ಪಿಷ್ಟವನ್ನು ಎದೆಹಾಲಿನಲ್ಲೇ ಇರುವ ಕಿಣ್ವ ಕರಗಿಸಿಬಿಡುವುದರಿಂದ ಆ ಹಾಲು ಗಟ್ಟಿಯಾಗಿ ಉಳಿಯುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗಂತೂ ಕ್ಸಾಂಥನ್ ಗೋಂದಿನ ಪುಡಿಗಳು ಸಲ್ಲವು. ಕರುಳಿನ ಗಂಭೀರ ಕಾಯಿಲೆಯ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ.

ಮಲಗಿಸುವುದು ಬೆನ್ನ ಮೇಲೆಯೇ

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಈ ಭಾಗವನ್ನು ನೆನಪಿಡಿ ಎಂದು ಬೇಡಿಕೊಳ್ಳುತ್ತೇನೆ. ಅಂಗಾತ ಮಲಗಿದ ಮಗು ಕಕ್ಕಿದರೆ ಹಾಲು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದೆಂಬ ಭಯ ಎಲ್ಲರಿಗೂ ಇದೆ. ಅದಕ್ಕೇ ಬೋರಲು ಮಲಗಿಸುತ್ತಾರೆ, ಮಗ್ಗುಲಾಗಿಸಿ ದಿಂಬು ಒತ್ತಿಡುತ್ತಾರೆ, ತಲೆಯ ಕಡೆ ಹಾಸಿಗೆ ಎತ್ತರಿಸುತ್ತಾರೆ. ಮಗುವಿನ ಶರೀರದ ರಚನೆ ಹೇಳುವುದು ಇದಕ್ಕೆ ವಿರುದ್ಧ. ಶ್ವಾಸನಾಳ ಮುಂದೆ ಇದೆ, ಅನ್ನನಾಳ ಅದರ ಹಿಂದೆ. ಮಗು ಬೆನ್ನ ಮೇಲೆ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಮೇಲೆ ಬಂದ ಹಾಲು ಶ್ವಾಸನಾಳ ಸೇರಬೇಕಾದರೆ ಏರು ಹತ್ತಬೇಕು. ಬೋರಲು ಹಾಕಿದರೆ ಶ್ವಾಸನಾಳವೇ ಕೆಳಗಾಗುತ್ತದೆ, ಹಾಲು ಅದರ ಬಾಯಿಗೆ ಇಳಿದು ಬರುವುದು ಸುಲಭವಾಗುತ್ತದೆ. ಜೊತೆಗೆ ನುಂಗುವ, ಕೆಮ್ಮುವ ಪ್ರತಿಕ್ರಿಯೆಗಳೂ ಮಗುವನ್ನು ಕಾಯುತ್ತವೆ.

ಬೋರಲು ಮಲಗಿಸಿದರೆ ಕಕ್ಕುವುದು ಕಡಿಮೆಯಾಗುತ್ತದೆ ಎಂಬುದು ನಿಜವೇ. ಆದರೆ ನಿದ್ದೆಯಲ್ಲಿ ಹಠಾತ್ ಸಾವಿನ ಅಪಾಯ ಅದರಿಂದ ಹಲವು ಪಟ್ಟು ಏರುತ್ತದೆ. ಅಮೆರಿಕದಲ್ಲಿ 1994ರಲ್ಲಿ ಬೆನ್ನ ಮೇಲೆ ಮಲಗಿಸಿ ಎಂಬ ಪ್ರಚಾರಾಂದೋಲನ ಶುರುವಾದ ಮೇಲೆ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಒಂದು ವರ್ಷದವರೆಗೆ ರಾತ್ರಿಯಾಗಲಿ ಹಗಲಾಗಲಿ, ಕಕ್ಕುವ ಮಗುವಾಗಲಿ ಕಕ್ಕದ ಮಗುವಾಗಲಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ, ಅಂಗಾತ ಮಲಗಿಸಿ. ಇಳಿಜಾರು ತೊಟ್ಟಿಲುಗಳಿಂದ ರಿಫ್ಲಕ್ಸ್ ತಗ್ಗುವುದಿಲ್ಲ. ಮಗು ಜಾರಿ ಕುತ್ತಿಗೆ ಮಡಚಿಕೊಂಡು ಉಸಿರುಗಟ್ಟಿದ ಪ್ರಕರಣಗಳಿವೆ. ಹತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶು ಹಾಸಿಗೆಗಳನ್ನು ಅಮೆರಿಕ 2022ರಲ್ಲಿ ಕಾನೂನು ತಂದು ನಿಷೇಧಿಸಿತು. ಮಗು ಎಚ್ಚರವಾಗಿದ್ದಾಗ, ನಿಮ್ಮ ಕಣ್ಣೆದುರಿಗೆ, ಕುಡಿದು ಸ್ವಲ್ಪ ಹೊತ್ತಾದ ಮೇಲೆ ಬೋರಲು ಆಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಾಯಬಾರದ ಲಕ್ಷಣಗಳು

ಹೆದರಬೇಡಿ ಎಂದು ಇಷ್ಟು ಹೇಳಿದ ಮೇಲೆ, ಯಾವಾಗ ಹೆದರಬೇಕು ಎಂದು ಹೇಳುವುದು ನನ್ನ ಹೊಣೆ. ಮೊದಲನೆಯದು ಬಣ್ಣ. ವಾಂತಿ ಹಸಿರಾಗಿದ್ದರೆ ಅದು ಪಿತ್ತರಸ. ಜಠರದಿಂದ ಮುಂದೆ ಕರುಳಿನಲ್ಲಿ ಎಲ್ಲೋ ತಡೆಯಾಗಿರಬಹುದು. ಕರುಳು ತಿರುಚಿಕೊಂಡಿದ್ದರೆ ಅದಕ್ಕೆ ರಕ್ತ ಪೂರೈಕೆ ನಿಂತು ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಹಸಿರು ವಾಂತಿ ಮಾಡಿದ ಮಗುವನ್ನು ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವಾಂತಿಯಲ್ಲಿ ರಕ್ತ, ಇಲ್ಲವೇ ಕಾಫಿಪುಡಿಯಂಥ ಕಂದು ಚೂರು ಕಂಡರೂ ಅಷ್ಟೇ. ತಾಯಿಯ ಮೊಲೆತೊಟ್ಟು ಒಡೆದು ಆ ರಕ್ತ ಮಗುವಿನ ಹೊಟ್ಟೆ ಸೇರಿರುವುದೂ ಉಂಟು, ಆದರೆ ಅದನ್ನು ವೈದ್ಯರು ತೀರ್ಮಾನಿಸಲಿ.

ಎರಡನೆಯದು ರಭಸ. ಕಕ್ಕುವ ಮಗುವಿನ ಬಾಯಿಯಿಂದ ಹಾಲು ಸಲೀಸಾಗಿ ಜಾರುತ್ತದೆ; ಹೊಟ್ಟೆ ಹಿಂಡಿಕೊಳ್ಳುವುದಿಲ್ಲ. ಎರಡರಿಂದ ಎಂಟು ವಾರದ ಮಗು, ಅದರಲ್ಲೂ ಗಂಡು ಮಗು, ಪ್ರತಿ ಸಲ ಕುಡಿದ ಮೇಲೂ ಚಿಮ್ಮುವಂತೆ ದೂರಕ್ಕೆ ವಾಂತಿ ಮಾಡಿ, ಮರುಗಳಿಗೆಯಲ್ಲೇ ಹಸಿವಿನಿಂದ ಹಾಲಿಗೆ ಹಾತೊರೆಯುತ್ತಿದ್ದರೆ, ಜಠರದ ಕೆಳಬಾಗಿಲಿನ ಸ್ನಾಯು ದಪ್ಪಗಾಗಿ ದಾರಿ ಮುಚ್ಚಿರುವ ಸಾಧ್ಯತೆಯಿದೆ. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ತಿಳಿಯುತ್ತದೆ, ಸಣ್ಣ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ.

ಜ್ವರ, ಮಂಕು, ಉಬ್ಬಿದ ನೆತ್ತಿ, ಬೇಗ ಬೇಗ ದೊಡ್ಡದಾಗುತ್ತಿರುವ ತಲೆ, ಸೆಟೆದ ಹೊಟ್ಟೆ, ಮಲದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಉಸಿರು ನಿಂತು ಮೈ ನೀಲಿಯಾಗುವುದು: ಇವು ಯಾವುವೂ ಸಾಮಾನ್ಯ ಕಕ್ಕುವಿಕೆಯ ಜೊತೆ ಬರುವಂಥವಲ್ಲ. ಆರು ತಿಂಗಳು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಇಲ್ಲವೇ ವರ್ಷ ಒಂದೂವರೆ ವರ್ಷವಾದರೂ ನಿಲ್ಲದಿದ್ದರೆ, ಆಗಲೂ ಬೇರೆ ಕಾರಣ ಹುಡುಕಬೇಕು.

ಕುಡಿದ ಮೇಲೆ ಕುತ್ತಿಗೆಯನ್ನು ಒಂದು ಕಡೆ ತಿರುಚಿ, ಬೆನ್ನನ್ನು ಸೆಟೆದುಕೊಳ್ಳುವ ಮಕ್ಕಳೂ ಇರುತ್ತಾರೆ. ನೋಡಿದವರು ಫಿಟ್ಸ್ ಎಂದೇ ತಿಳಿಯುತ್ತಾರೆ. 1964ರಲ್ಲಿ ವೈದ್ಯ ಸಾಹಿತ್ಯದಲ್ಲಿ ಮೊದಲ ಬಾರಿಗೆ ವರ್ಣಿಸಲಾದ ಈ ಸ್ಥಿತಿಗೆ ನರರೋಗ ತಜ್ಞ ಪಾಲ್ ಸ್ಯಾಂಡಿಫರ್ ಅವರ ಹೆಸರಿದೆ. ಇದು ಅಪರೂಪದ್ದು, ರಿಫ್ಲಕ್ಸಿಗೆ ಚಿಕಿತ್ಸೆ ಮಾಡಿದರೆ ಹೋಗುತ್ತದೆ. ಇಂಥದ್ದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದು ಎಷ್ಟೋ ವಾಸಿ.

ರಿಫ್ಲಕ್ಸಿನ ವೇಷದಲ್ಲಿ ಬರುವ ಇನ್ನೊಂದು ತೊಂದರೆ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ. ಕಕ್ಕುವುದರ ಜೊತೆಗೆ ಮೈಮೇಲೆ ಇಸುಬು, ಭೇದಿ, ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ ಕಂಡರೆ ಇದರ ಗುಮಾನಿ ಬರಬೇಕು. ಎದೆಹಾಲು ಕೊಡುವ ತಾಯಿ ಎರಡರಿಂದ ನಾಲ್ಕು ವಾರ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ನೋಡುತ್ತಾರೆ. ಬಾಟಲಿಯ ಮಗುವಿಗೆ ಪ್ರೋಟೀನನ್ನು ಮೊದಲೇ ಒಡೆದಿಟ್ಟ ವಿಶೇಷ ಫಾರ್ಮುಲಾ ಕೊಡುತ್ತಾರೆ. ಸುಧಾರಿಸಿದರೆ ಮತ್ತೊಮ್ಮೆ ಹಾಲು ಆರಂಭಿಸಿ ಲಕ್ಷಣ ಮರಳುವುದೇ ಎಂದು ವೈದ್ಯರ ನಿಗಾದಲ್ಲಿ ಖಚಿತಪಡಿಸಿಕೊಳ್ಳಬೇಕು. ಸುಧಾರಿಸದಿದ್ದರೆ ತಾಯಿಯ ಪಥ್ಯವನ್ನು ಅಲ್ಲಿಗೇ ನಿಲ್ಲಿಸಬೇಕು. ಪ್ರಯೋಜನವಿಲ್ಲದ ಪಥ್ಯದಲ್ಲಿ ತಿಂಗಳುಗಟ್ಟಲೆ ಸೊರಗುವ ತಾಯಂದಿರನ್ನು ಕಂಡು ನನಗೆ ಸಂಕಟವಾಗಿದೆ.

ಔಷಧದ ಮಾತು

ಒಮೆಪ್ರಜೋಲ್‌ನಂಥ ಔಷಧಗಳು ಹಾಲು ಮೇಲೆ ಬರುವುದನ್ನು ತಡೆಯುವುದಿಲ್ಲ. ಬರುವ ದ್ರವದ ಹುಳಿಯನ್ನು ತಗ್ಗಿಸುತ್ತವೆ, ಅಷ್ಟೇ. ಆಮ್ಲದಿಂದ ಅನ್ನನಾಳ ಹುಣ್ಣಾಗಿರುವ ಮಗುವಿಗೆ ಅವು ನಿಜಕ್ಕೂ ಬೇಕು. ನಗುತ್ತಾ ಕಕ್ಕುವ ಮಗುವಿಗೆ ಅವುಗಳಿಂದ ಏನೂ ಸಿಗದು. ಹೊಟ್ಟೆಯ ಆಮ್ಲ ನುಂಗಿದ ರೋಗಾಣುಗಳನ್ನು ಕೊಲ್ಲುವ ಕಾವಲುಗಾರ. ಅದನ್ನು ತಗ್ಗಿಸಿದಾಗ ಭೇದಿ ಮತ್ತು ಶ್ವಾಸಕೋಶದ ಸೋಂಕುಗಳು ಹೆಚ್ಚುತ್ತವೆ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2018ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿ, ಆರೋಗ್ಯವಂತ ಶಿಶುವಿನ ಅಳುವಿಗಾಗಲಿ ಕಕ್ಕುವಿಕೆಗಾಗಲಿ ಇವನ್ನು ಕೊಡಬಾರದೆಂದು ಸ್ಪಷ್ಟವಾಗಿ ಹೇಳಿದೆ. ವೈದ್ಯರು ಬರೆದುಕೊಟ್ಟರೆ ಎರಡು ಪ್ರಶ್ನೆ ಕೇಳಿ: ಯಾವ ಲಕ್ಷಣಕ್ಕಾಗಿ ಇದನ್ನು ಕೊಡುತ್ತಿದ್ದೀರಿ, ಯಾವ ದಿನ ನಿಲ್ಲಿಸಿ ನೋಡೋಣ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ನಂತರ ಮರುಪರಿಶೀಲನೆ ಆಗಬೇಕು.

ಈ ಎಚ್ಚರಕ್ಕೆ ಇತಿಹಾಸದ ಆಧಾರವೂ ಇದೆ. ಒಂದು ಕಾಲದಲ್ಲಿ ಶಿಶುಗಳಿಗೆ ಧಾರಾಳವಾಗಿ ಕೊಡುತ್ತಿದ್ದ, ಹೊಟ್ಟೆಯನ್ನು ಬೇಗ ಖಾಲಿ ಮಾಡಿಸುವ ಸಿಸಾಪ್ರೈಡ್ ಹೃದಯದ ಲಯ ಕೆಡಿಸುತ್ತದೆಂದು ಗೊತ್ತಾಗಿ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಆಮ್ಲ ತಗ್ಗಿಸುವ ರ‍್ಯಾನಿಟಿಡಿನ್‌ನಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ ಕಂಡುಬಂದು 2020ರಲ್ಲಿ ಅಲ್ಲಿಂದ ತೆರವಾಯಿತು. ವಾಂತಿ ತಡೆಯಲು ಕೊಡುವ ಡೊಂಪೆರಿಡೋನ್, ಮೆಟೊಕ್ಲೋಪ್ರಮೈಡ್ ಇವೆರಡೂ ಮನೆಯವರು ತಾವಾಗಿ ಮಗುವಿಗೆ ಹಾಕುವ ಹನಿಗಳಲ್ಲ. ಮೊದಲನೆಯದಕ್ಕೆ ಹೃದಯದ, ಎರಡನೆಯದಕ್ಕೆ ನರಗಳ ಅಡ್ಡ ಪರಿಣಾಮವಿದೆ.

ಪರೀಕ್ಷೆಗಳು ಬಹುಪಾಲು ಮಕ್ಕಳಿಗೆ ಬೇಕಾಗುವುದೇ ಇಲ್ಲ. ಬೇಕಾದಾಗ ಮೂಗಿನಿಂದ ಸಣ್ಣ ತಂತಿ ಇಳಿಸಿ 24 ಗಂಟೆ ಅನ್ನನಾಳದಲ್ಲಿ ಏನೇನು ಏರಿಳಿಯುತ್ತದೆ ಎಂದು ದಾಖಲಿಸುತ್ತಾರೆ, ಇಲ್ಲವೇ ಎಂಡೋಸ್ಕೋಪಿ ಮಾಡುತ್ತಾರೆ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ರಚನೆಯ ದೋಷ ಹುಡುಕಲು ಮಾತ್ರ. ಅದರಲ್ಲಿ ಹಿಮ್ಮುಖ ಹರಿವು ಕಂಡರೆ ಕಾಯಿಲೆ ಇದೆಯೆಂದಾಗುವುದಿಲ್ಲ.

ನಡೆದಾಡುವ ಮಕ್ಕಳಲ್ಲಿ

ಎರಡು ವರ್ಷ ದಾಟಿದ ಮಕ್ಕಳ ಕಥೆ ಬೇರೆ. ಇಲ್ಲಿ ಆಮ್ಲಕ್ಕೆ ನಿಜವಾದ ಪಾತ್ರವಿದೆ. ಆದರೆ ಚಿಕ್ಕ ಮಕ್ಕಳಿಗೆ ಎದೆಯುರಿಯನ್ನು ಎದೆಯುರಿ ಎಂದು ಹೇಳಲು ಬರುವುದಿಲ್ಲ. ಹೊಟ್ಟೆ ನೋವು ಎನ್ನುತ್ತಾರೆ, ಊಟದ ತಟ್ಟೆ ದೂರ ತಳ್ಳುತ್ತಾರೆ, ರಾತ್ರಿ ಒಣಕೆಮ್ಮು ಬರುತ್ತದೆ, ಬಾಯಿ ಹುಳಿ ವಾಸನೆ ಬೀರುತ್ತದೆ, ಹಲ್ಲಿನ ಹೊಳಪು ಸವೆಯುತ್ತದೆ. ರಾತ್ರಿಯೂಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬಿಡುವುದು, ಒಮ್ಮೆಗೇ ಹೊಟ್ಟೆ ಬಿರಿಯುವಂತೆ ತಿನ್ನಿಸದಿರುವುದು, ತೂಕ ಮಿತಿಮೀರಿದ್ದರೆ ಇಳಿಸುವುದು, ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಪಡಿಸುವುದು ಇವೆಲ್ಲ ನೆರವಾಗುತ್ತವೆ. ಚಾಕೊಲೇಟ್, ಕೋಲಾ, ಕರಿದ ತಿಂಡಿಗಳಲ್ಲಿ ಯಾವುದು ತಿಂದ ದಿನ ತೊಂದರೆ ಹೆಚ್ಚುತ್ತದೆ ಎಂದು ಗಮನಿಸಿ ಅದನ್ನಷ್ಟೇ ಬಿಡಿಸಿ. ಎಲ್ಲವನ್ನೂ ನಿಷೇಧಿಸಿ ಮಗುವಿನ ಊಟದ ಸಂತೋಷವನ್ನೇ ಕಸಿಯುವುದು ಬೇಡ. ಶಿಶುಗಳಲ್ಲಿ ನಿಷಿದ್ಧವಾದ ತಲೆಯೆತ್ತರದ ಹಾಸಿಗೆಯನ್ನು ಈ ವಯಸ್ಸಿನಲ್ಲಿ ಪ್ರಯತ್ನಿಸಬಹುದು.

ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುವ, ಪ್ರತಿ ತುತ್ತಿಗೂ ನೀರು ಕೇಳುವ ಮಗುವನ್ನು ತಜ್ಞರಿಗೆ ತೋರಿಸಬೇಕು. ಅನ್ನನಾಳದ ಗೋಡೆಯಲ್ಲಿ ಇಯೋಸಿನೊಫಿಲ್ ಎಂಬ ರಕ್ತಕಣಗಳು ತುಂಬಿಕೊಳ್ಳುವ ಅಲರ್ಜಿಯ ಕಾಯಿಲೆಯೊಂದಿದೆ. ಅದು ಖಚಿತವಾಗುವುದು ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ಪರೀಕ್ಷಿಸಿದಾಗ ಮಾತ್ರ. ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಮಕ್ಕಳು, ಹುಟ್ಟಿನಲ್ಲೇ ಅನ್ನನಾಳ ಅಥವಾ ವಪೆಯ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ರಿಫ್ಲಕ್ಸ್ ತಾನಾಗಿ ಹೋಗುವುದು ಕಡಿಮೆ. ಯಾವ ಔಷಧಕ್ಕೂ ಬಗ್ಗದಿದ್ದರೆ ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆ ಇದೆ. ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ, ಈಗ ಲ್ಯಾಪರೊಸ್ಕೋಪಿಯ ಸಣ್ಣ ರಂಧ್ರಗಳ ಮೂಲಕ ಮಾಡುತ್ತಾರೆ.

ವೈದ್ಯರ ಬಳಿ ಹೋಗುವಾಗ ಮೂರು ದಿನದ ಟಿಪ್ಪಣಿಯೊಂದನ್ನು ಒಯ್ಯಿರಿ: ಎಷ್ಟು ಹೊತ್ತಿಗೆ ಎಷ್ಟು ಕುಡಿಯಿತು, ಯಾವಾಗ ಕಕ್ಕಿತು, ಬಣ್ಣವೇನು, ಆಮೇಲೆ ಅತ್ತಿತೇ ನಕ್ಕಿತೇ. ನನ್ನ ಮಗಳದು ಇನ್ನೂ ನನ್ನ ಬಳಿ ಇದೆ. ಎರಡನೆಯ ಪುಟದಲ್ಲಿ, ರಾತ್ರಿ ಎರಡೂಮುಕ್ಕಾಲರ ಎದುರಿಗೆ, ನನ್ನದೇ ಸೊಟ್ಟ ಅಕ್ಷರಗಳಲ್ಲಿ ಹೀಗಿದೆ: ‘ಎರಡು ಚಮಚ. ಬಿಳಿ. ನಕ್ಕಳು.’